ತುಂಬಾ ದೂರದ 'ತುಂಬಾ': ಕಾಸ್ರೋಡಿಂದ ರಾಕೆಟ್ ಮ್ಯೂಸಿಯಂ ನೋಡ್ಲಿಕ್ಕೆ ಹೊರಡುವವರಿಗೆ

ನಮ್ಮ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಮಕ್ಕಳು "ಇಸ್ರೋ ನೋಡ್ಬೇಕು" ಅಂದ ಕೂಡ್ಲೇ ದೊಡ್ಡವರ ಬಾಯಲ್ಲಿ ಬರೋದು ಒಂದೇ ಮಾತು, "ಬೆಂಗ್ಳೂರಿಗೆ ಹೋದಾಗ ನೋಡುವ". ಬೆಂಗ್ಳೂರಿಗೆ ಹೋದ್ರೆ ಇಸ್ರೋ ಕಾಂಪೌಂಡ್ ಗೋಡೆ ನೋಡಿ ವಾಪಸ್ ಬರ್ಬೇಕಷ್ಟೆ, ಒಳಗೆ ಬನ್ನಿ ಅಂತ ಯಾರೂ ಕರೆಯೋದಿಲ್ಲ. ಆದ್ರೆ ನಾವಿರೋ ಇದೇ ಕೇರಳದ ಆ ತುದಿಯಲ್ಲಿ, ತಿರುವನಂತಪುರದ ಪಕ್ಕ ತುಂಬಾ ಅಂತ ಒಂದು ಊರುಂಟು, ಅಲ್ಲಿ ಇಸ್ರೋದ ವಿಎಸ್‌ಎಸ್‌ಸಿ, ಅಂದ್ರೆ ವಿಕ್ರಮ್ ಸಾರಾಭಾಯ್ ಸ್ಪೇಸ್ ಸೆಂಟರ್‌ನವರ ಮ್ಯೂಸಿಯಂ ಉಂಟು, ಅದಕ್ಕೆ ನಮ್ಮಂಥ ಸಾಮಾನ್ಯ ಜನ ಹೋಗ್ಬಹುದು, ನಾನು ಎರಡು ಸಲ ಹೋಗಿ ಬಂದೆ. ಹೆಸರು ಕೇಳಿ ನನ್ನ ಸೋದರಳಿಯ ನಗ್ಲಿಕ್ಕೆ ಶುರು ಮಾಡಿದ, "ಮಾವಾ, ತುಂಬಾ ಅಂದ್ರೆ ಎಂತ ತುಂಬಾ? ತುಂಬಾ ದೂರವಾ?" ಅಂತ. ದೂರ ಹೌದು ಮಾರಾಯಾ, ಐನೂರೈವತ್ತು ಕಿಲೋಮೀಟರಿಗೂ ಮೇಲೆ. ಆದ್ರೆ ಹೆಸರಿಗೂ ದೂರಕ್ಕೂ ಸಂಬಂಧ ಇಲ್ಲ, ಮಲಯಾಳದಲ್ಲಿ ತುಂಬ ಅಂದ್ರೆ ನಮ್ಮ ತುಂಬೆ ಹೂವು, ಓಣಂ ಪೂಕಳಕ್ಕೆ, ಅಂದ್ರೆ ಹೂವಿನ ರಂಗೋಲಿಗೆ ಹಾಕ್ತಾರಲ್ಲ, ನಮ್ಮ ಗದ್ದೆ ಬದುವಿನಲ್ಲಿ ಬೇಕಾದಷ್ಟು ಬೆಳೀತದಲ್ಲ, ಅದೇ ಬಿಳಿ ಹೂವು.

ಇದನ್ನು ಬರೀತಿರೋದು ಯಾಕಂದ್ರೆ ಮೊದಲನೇ ಸಲ ನಾವು ಏನೂ ತಯಾರಿ ಇಲ್ಲದೆ ಹೋಗಿದ್ವಿ, ಮಕ್ಕಳು ಅರ್ಧ ಗಂಟೆಯಲ್ಲಿ "ಆಯ್ತಾ, ಬೀಚಿಗೆ ಹೋಗುವನಾ" ಅಂತ ಶುರು ಮಾಡಿದ್ರು. ಎರಡನೇ ಸಲ ಮನೆಯಲ್ಲೇ ಕೂತು ಕಥೆ ಹೇಳಿ, ಬೇಕಾದ್ದನ್ನು ಓದಿಸಿ ಕರ್ಕೊಂಡು ಹೋದೆ, ಆಗ ಅದೇ ಮಕ್ಕಳನ್ನು ಅಲ್ಲಿಂದ ಎಬ್ಬಿಸೋದೇ ಕಷ್ಟ ಆಯ್ತು. ಅಲ್ಲಿ ಬೋರ್ಡು ಎಲ್ಲ ಇಂಗ್ಲಿಷು, ಮಲಯಾಳ, ಹಿಂದಿ. ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಆದ್ರೆ ನಿಂತ್ಕೊಂಡು ವಿಜ್ಞಾನದ ಸಾಲು ಓದುವಷ್ಟು ಎಲ್ಲರಿಗೂ ಬರೋದಿಲ್ಲ. ಹಾಗಾಗಿ ಟಿಕೆಟ್ ಬುಕ್ ಮಾಡೋದಕ್ಕಿಂತ ಮೊದಲ ಕೆಲಸ, ಮನೆಯಲ್ಲಿ ಕನ್ನಡದಲ್ಲಿ ಕಥೆ ಹೇಳೋದು. ಅದನ್ನು ಆಮೇಲೆ ವಿವರವಾಗಿ ಬರೀತೇನೆ, ಮೊದಲು ಹೋಗೋ ದಾರಿ.

ದಾರಿ ಮತ್ತು ದಿನ

ಕಾರಲ್ಲಿ ಹೋಗುವ ಯೋಚನೆ ಇದ್ರೆ ಬಿಟ್ಟುಬಿಡಿ. ಹೈವೇ ಕೆಲಸ, ಟ್ರಾಫಿಕ್ಕು, ಮಕ್ಕಳ ವಾಂತಿ, ಅಲ್ಲಿಗೆ ತಲುಪುವಾಗ ಯಾರಿಗೂ ರಾಕೆಟ್ ಬೇಡ, ಹಾಸಿಗೆ ಸಾಕು ಅಂತ ಆಗಿರ್ತದೆ. ರೈಲೇ ಸರಿ. ಸಂಜೆ ಮಂಗ್ಳೂರಿಂದ ಬರುವ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರೆ ಬೆಳಿಗ್ಗೆ ತಿರುವನಂತಪುರ. ಮಾವೇಲಿ ಆಲಪ್ಪುಳ ದಾರಿ, ಮಲಬಾರ್ ಕೋಟ್ಟಯಂ ದಾರಿ ಮತ್ತೆ ಸ್ವಲ್ಪ ನಿಧಾನ, ಹಾಗಾಗಿ ನನ್ನ ವೋಟು ಮಾವೇಲಿಗೆ. 2023ರಿಂದ ವಂದೇ ಭಾರತ್ ಕೂಡ ಉಂಟು, ಎಂಟು ಗಂಟೆಯಲ್ಲಿ ತಲುಪಿಸ್ತದೆ, ಆದ್ರೆ ಅದರಲ್ಲಿ ಹೋದ್ರೆ ಒಂದು ಹಗಲು ರೈಲಲ್ಲೇ ಮುಗೀತದೆ, ಮತ್ತೆ ರಾತ್ರಿಗೆ ಲಾಡ್ಜ್ ಖರ್ಚು, ಐದಾರು ಜನ ಇದ್ರೆ ಲೆಕ್ಕ ಹಾಕಿ ನೋಡಿ. ಸ್ಲೀಪರ್ ಬರ್ತ್ ಮಾತ್ರ ಮುಂಚೆಯೇ ಬುಕ್ ಮಾಡ್ಬೇಕು, ಓಣಂ, ಕ್ರಿಸ್ಮಸ್ ರಜೆ ಹತ್ರ ವೇಟಿಂಗ್ ಲಿಸ್ಟು ನೋಡಿದ್ರೆ ತಲೆ ತಿರುಗ್ತದೆ.

ತಿರುವನಂತಪುರ ಸೆಂಟ್ರಲ್‌ನಿಂದ ತುಂಬಾ ಹತ್ತು ಹನ್ನೆರಡು ಕಿಲೋಮೀಟರ್. ಮೊದಲು ಕೊಚ್ಚುವೇಳಿ ಅಂತಿದ್ದು ಈಗ ತಿರುವನಂತಪುರ ನಾರ್ತ್ ಅಂತ ಹೆಸರು ಬದಲಾದ ಸ್ಟೇಷನ್ ಮತ್ತೆ ಟೆಕ್ನೋಪಾರ್ಕ್ ಇರೋ ಕಳಕ್ಕೂಟ್ಟಂ, ಇವೆರಡೂ ಇನ್ನೂ ಹತ್ರ, ನಿಮ್ಮ ರೈಲು ಅಲ್ಲಿ ನಿಲ್ತದಾ ಅಂತ ನೋಡಿಕೊಂಡ್ರೆ ಆಟೋ ದುಡ್ಡು ಉಳೀತದೆ. ಪೇಟೆಯಿಂದ ಬಸ್ಸಲ್ಲಿ ಹೋಗೋದಾದ್ರೆ ಕಿಳಕ್ಕೇಕೋಟ್ಟಕ್ಕೆ ಬಂದು ವೇಳಿ, ತುಂಬಾ ಕಡೆಯ ಬಸ್ ವಿಚಾರಿಸಿ. ಆಟೋದವರ ಹತ್ರ ಬರೀ "ವಿಎಸ್ಎಸ್‌ಸಿ" ಅನ್ಬೇಡಿ, "ಸ್ಪೇಸ್ ಮ್ಯೂಸಿಯಂ" ಅಂತಲೇ ಹೇಳಿ. ನಾವು ಮೊದಲ ಸಲ ಮೊಬೈಲ್ ಮ್ಯಾಪ್ ನಂಬಿ, ಕೆಲಸಕ್ಕೆ ಹೋಗುವವರ ಗೇಟಿನ ಎದುರು ಇಳಿದು, ಎರಡು ಬ್ಯಾಗು, ದೊಡ್ಡಮ್ಮ, ನಾಲ್ಕು ಮಕ್ಕಳ ಜೊತೆ ಬಂದೂಕು ಹಿಡಿದ ಸಿಐಎಸ್‌ಎಫ್‌ನವರ ಮುಖ ನೋಡ್ತಾ ನಿಂತಿದ್ವಿ. ಆ ಮನುಷ್ಯ ಪಾಪ ಒಳ್ಳೆಯವನು, ನಕ್ಕು ಕೈ ತೋರಿಸಿ ದಾರಿ ಹೇಳಿದ. ಇನ್ನೊಂದು ಮಾತು, ನಮ್ಮ ಕಾಸ್ರೋಡು ಮಲಯಾಳ ಕೇಳಿದ್ರೆ ಆ ಕಡೆಯವರು ಒಂದು ಕ್ಷಣ ತಡೆದು ನಗ್ತಾರೆ, ಅವರ ಮಲಯಾಳ ಕೇಳಿ ನಮಗೂ ಹಾಗೇ ಆಗ್ತದೆ, ಬೇಜಾರು ಮಾಡ್ಕೊಳ್ಬೇಡಿ.

ದಿನದ ವಿಷಯ. ಮ್ಯೂಸಿಯಂ ತೆರೆದಿರುವ ದಿನ, ಸಮಯ ವಿಎಸ್‌ಎಸ್‌ಸಿ ವೆಬ್‌ಸೈಟಲ್ಲಿ ಇರ್ತದೆ, ರೈಲು ಟಿಕೆಟ್ ಮಾಡುವ ಮೊದಲು ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ. ಕೇಂದ್ರ ಸರ್ಕಾರದ ಜಾಗ, ಏನಾದ್ರೂ ಕಾರಣಕ್ಕೆ ಮುಚ್ಚಿದ್ರೆ ನಿಮ್ಮ ಐನೂರು ಕಿಲೋಮೀಟರಿಗೆ ಅಲ್ಲಿ ಬೆಲೆ ಇಲ್ಲ. ಸಣ್ಣ ರಾಕೆಟ್ ಹಾರಿಸೋದನ್ನು ಜನರಿಗೆ ನೋಡ್ಲಿಕ್ಕೆ ಬಿಡುವ ದಿನವೂ ಉಂಟು, ಅದಕ್ಕೆ ಹಿಂದಿನಿಂದಲೂ ಬುಧವಾರವೇ ರೂಢಿ. ಆದ್ರೆ ಎಲ್ಲ ಬುಧವಾರವೂ ಅಲ್ಲ, ತಿಂಗಳಿಗೊಂದು ಸಲದ ಲೆಕ್ಕ, ಮಳೆ ಗಾಳಿ ನೋಡಿ ಬದಲಾಗ್ತದೆ, ಹಾಗಾಗಿ ಅದನ್ನೂ ಮೊದಲೇ ಕೇಳಿ ಖಚಿತ ಮಾಡ್ಕೊಳ್ಳಿ. ಶಾಲೆಯಿಂದ ಬಸ್ ಮಾಡ್ಕೊಂಡು ಹೋಗುವ ಮೇಷ್ಟ್ರುಗಳು ಮೊದಲೇ ಪತ್ರ ಬರೆದು, ಎಷ್ಟು ಮಕ್ಕಳು, ಯಾವ ಕ್ಲಾಸು ಅಂತ ತಿಳಿಸಿದ್ರೆ ಒಳ್ಳೇದು. ದೊಡ್ಡವರೆಲ್ಲ ಆಧಾರ್ ಅಥವಾ ಬೇರೆ ಫೋಟೋ ಐಡಿ ಒರಿಜಿನಲ್ಲೇ ಇಟ್ಕೊಳ್ಳಿ. ಗಲ್ಫಲ್ಲೋ ಅಮೆರಿಕದಲ್ಲೋ ಇರೋ ಮನೆಯವರು ಬಂದಿದ್ದು, ಅವರದ್ದು ವಿದೇಶಿ ಪಾಸ್‌ಪೋರ್ಟ್ ಆದ್ರೆ ಅದನ್ನು ಮುಂಚೆಯೇ ಕೇಳಿ, ಗೇಟಲ್ಲಿ ನಿಂತು ಅಲ್ಲ.

ಅಕ್ಟೋಬರ್ 4ರಿಂದ 10, ವರ್ಲ್ಡ್ ಸ್ಪೇಸ್ ವೀಕ್. ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4, ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದದ್ದು 1967ರ ಅಕ್ಟೋಬರ್ 10, ಅದಕ್ಕೇ ಆ ವಾರ. ಆಗ ಇಸ್ರೋದವರು ಬೇರೆ ಬೇರೆ ಕಡೆ ಪ್ರದರ್ಶನ, ಮಕ್ಕಳಿಗೆ ಸ್ಪರ್ಧೆ ಅಂತ ಇಡ್ತಾರೆ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನದ ಹೊತ್ತಿಗೂ ಹಾಗೇ, ಚಂದ್ರಯಾನ-3 ಇಳಿದ ದಿನ ಅದು. ಜನ ಜಾಸ್ತಿ ಇರ್ತಾರೆ, ಆದ್ರೆ ವಿವರ ಹೇಳುವವರೂ ಜಾಸ್ತಿ ಇರ್ತಾರೆ.

ಮನೆಯಲ್ಲಿ ಹೇಳ್ಬೇಕಾದ ಕಥೆ

ಮಕ್ಕಳ ತಲೆಯಲ್ಲಿ ಮೊದಲು ಒಂದು ಗೊಂದಲ ಬಿಡಿಸಿ, ಇಲ್ಲಿಂದ ಚಂದ್ರಯಾನ ಹಾರಿಲ್ಲ. ದೊಡ್ಡ ರಾಕೆಟ್ ಹಾರೋದು ಆಂಧ್ರದ ಶ್ರೀಹರಿಕೋಟದಿಂದ, ಉಪಗ್ರಹ ಕಟ್ಟೋದು ಹೆಚ್ಚಾಗಿ ಬೆಂಗ್ಳೂರಲ್ಲಿ, ಮೇಲೆ ಹೋದ ಕೆಲವು ಉಪಗ್ರಹಗಳನ್ನು ನೋಡ್ಕೊಳ್ಳೋದು ನಮ್ಮ ಹಾಸನದಿಂದ, ರಾಕೆಟ್‌ಗಳ ವಿನ್ಯಾಸ ಆಗೋದು ಈ ತುಂಬಾದಲ್ಲಿ. ಮತ್ತೆ ಹುಟ್ಟಿದ್ದು ಇಲ್ಲಿ. ಅಜ್ಜನ ಮನೆ ಇದ್ದ ಹಾಗೆ ಅಂತ ಹೇಳಿದ್ರೆ ಮಕ್ಕಳಿಗೆ ಅರ್ಥ ಆಗ್ತದೆ.

ಯಾಕೆ ಇಲ್ಲೇ? ಇದನ್ನು ಹೇಳದೆ ಹೋದ್ರೆ ಮ್ಯೂಸಿಯಂ ಬರೀ ಗೊಂಬೆ ಪ್ರದರ್ಶನ ಆಗ್ತದೆ. ಭೂಮಿಗೆ ನಡು ಗೆರೆ ಎರಡು ಉಂಟು ಅಂತ ಶುರು ಮಾಡಿ. ಒಂದು ಮ್ಯಾಪಲ್ಲಿ ಕಾಣುವ ಭೂಮಧ್ಯ ರೇಖೆ, ಅದು ಕನ್ಯಾಕುಮಾರಿಗಿಂತ ತುಂಬ ಕೆಳಗೆ, ಸಮುದ್ರದಲ್ಲಿ. ಇನ್ನೊಂದು ಆಯಸ್ಕಾಂತದ ನಡು ಗೆರೆ, ಅಲ್ಲಿ ದಿಕ್ಸೂಚಿಯ ಮುಳ್ಳನ್ನು ಮೇಲೆ ಕೆಳಗೆ ಆಡುವ ಹಾಗೆ ತೂಗುಬಿಟ್ರೆ ಅದು ಯಾವ ಕಡೆಗೂ ಬಾಗದೆ ಮಟ್ಟಸ ನಿಲ್ತದೆ. ಈ ಎರಡನೇ ಗೆರೆ ತುಂಬಾದ ಹತ್ರ ಹೋಗ್ತದೆ. ಆ ಗೆರೆಯ ಮೇಲೆ, ನೆಲದಿಂದ ಸುಮಾರು ನೂರು ನೂರಹತ್ತು ಕಿಲೋಮೀಟರ್ ಎತ್ತರದಲ್ಲಿ, ಹಗಲು ಹೊತ್ತಲ್ಲಿ ಒಂದು ವಿದ್ಯುತ್ ಹೊಳೆ ಹರೀತದೆ, ಎಲೆಕ್ಟ್ರೋಜೆಟ್ ಅಂತಾರೆ. ಅದನ್ನು ನೋಡ್ಬೇಕಾದ್ರೆ ಬಲೂನು ಅಷ್ಟು ಎತ್ತರ ಹೋಗೋದಿಲ್ಲ, ಉಪಗ್ರಹ ಅಷ್ಟು ತಗ್ಗಿನಲ್ಲಿ ಸುತ್ತಿದ್ರೆ ಗಾಳಿಗೆ ಸಿಕ್ಕಿ ಬಿದ್ದುಹೋಗ್ತದೆ. ಉಳಿಯೋದು ರಾಕೆಟ್ ಒಂದೇ, ಮೇಲೆ ಹೋಗಿ, ಅಳೆದು, ಸಮುದ್ರಕ್ಕೆ ಬೀಳುವ ಸಣ್ಣ ರಾಕೆಟ್. ಸೌಂಡಿಂಗ್ ರಾಕೆಟ್ ಅನ್ನೋದು ಅದನ್ನೇ. ನಾನೂ ಮೊದಲು ಸೌಂಡ್ ಅಂದ್ರೆ ಶಬ್ದ ಅಂತ ತಿಳ್ಕೊಂಡು ನಾಲ್ಕು ಜನರ ಎದುರು ಹಾಗೇ ವಿವರಿಸಿಯೂ ಆಗಿತ್ತು, ಆಮೇಲೆ ಗೊತ್ತಾಯ್ತು ಅದು ದೋಣಿಯವರು ನೀರಿನ ಆಳ ಅಳೆಯುವುದಕ್ಕೆ ಹೇಳುವ ಹಳೇ ಶಬ್ದ ಅಂತ. ನಮ್ಮ ಬಾವಿಗೆ ಹಗ್ಗ ಇಳಿಸಿ ನೀರು ಎಷ್ಟುಂಟು ನೋಡ್ತೇವಲ್ಲ, ಇವರು ಹಗ್ಗವನ್ನು ಮೇಲಕ್ಕೆ ಬಿಟ್ರು ಅಷ್ಟೆ.

ಮತ್ತೆ ಪಳ್ಳಿ, ಅಂದ್ರೆ ಚರ್ಚಿನ ಕಥೆ. ಅರವತ್ತರ ದಶಕದ ಶುರುವಿಗೆ ನಮ್ಮ ಬಾಹ್ಯಾಕಾಶ ಕೆಲಸ ಶುರು ಮಾಡಿದ ವಿಜ್ಞಾನಿ ವಿಕ್ರಮ್ ಸಾರಾಭಾಯ್ ಜಾಗ ಹುಡುಕಿಕೊಂಡು ಬಂದಾಗ ತುಂಬಾ ಮೀನು ಹಿಡಿಯುವವರ ಊರು, ತೆಂಗು, ಮರಳು, ನಡುವೆ ಸೇಂಟ್ ಮೇರಿ ಮ್ಯಾಗ್ಡಲೀನ್ ಇಗರ್ಜಿ. ಜಾಗ ಬೇಕು ಅಂದ್ರೆ ಇಗರ್ಜಿಯೂ ಬೇಕು, ಊರವರ ಮನೆಗಳೂ ಏಳ್ಬೇಕು. ಆಗಿನ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಹತ್ರ ಹೋಗಿ ಕೇಳಿದ್ರು, ಬಿಷಪ್ ತಾನೇ ಹೂಂ ಅನ್ನದೆ ಭಾನುವಾರದ ಪೂಜೆಗೆ ಬನ್ನಿ ಅಂದ್ರು, ಅಲ್ಲಿ ಊರವರ ಎದುರೇ ಇಟ್ಟು ಕೇಳಿದ್ರು, ದೇವರ ಮನೆಯನ್ನೂ ನಿಮ್ಮ ಮನೆಯನ್ನೂ ವಿಜ್ಞಾನಕ್ಕೆ ಕೊಡುವನಾ ಅಂತ. ಜನ ಆಮೆನ್ ಅಂದ್ರು, ಅಂತ ಅಬ್ದುಲ್ ಕಲಾಂ ನೆನಪು ಮಾಡ್ಕೊಳ್ತಿದ್ರು. ಊರವರು ಪಕ್ಕದ ಪಳ್ಳಿತ್ತುರಕ್ಕೆ ಹೋದ್ರು, ಅಲ್ಲಿ ಹೊಸ ಇಗರ್ಜಿ ಆಯ್ತು. ಇಲ್ಲಿ ಬಿಷಪ್ ಮನೆ ಆಫೀಸಾಯ್ತು, ಇಗರ್ಜಿಯ ಒಳಗೆ ರಾಕೆಟ್ ಜೋಡಿಸಿದ್ರು. ಈಗ ನೀವು ನೋಡ್ಲಿಕ್ಕೆ ಹೋಗುವ ಮ್ಯೂಸಿಯಂ ಅದೇ ಕಟ್ಟಡ. ನನ್ನ ಅಭಿಪ್ರಾಯ ಕೇಳಿದ್ರೆ ಒಳಗಿರೋ ಯಾವ ಮಾಡೆಲ್‌ಗಿಂತ ಆ ಕಟ್ಟಡವೇ ದೊಡ್ಡ ವಸ್ತು.

1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ ನೈಕಿ ಅಪಾಚಿ, ಅದರ ತಲೆಯಲ್ಲಿದ್ದ ಸೋಡಿಯಂ ಸರಕು ಫ್ರಾನ್ಸಿಂದ ಬಂದದ್ದು, ಜಾಗ ನಮ್ಮದು. ಎತ್ತಲಿಕ್ಕೆ ಹೋದಾಗ ಕ್ರೇನಿನ ಹೈಡ್ರಾಲಿಕ್ ಸೋರಿ, ಜನರೇ ಕೈ ಕೊಟ್ಟು ಲಾಂಚರಿಗೆ ಏರಿಸಿದ್ರಂತೆ. ಸಂಜೆ ಹೊತ್ತೇ ಯಾಕಂದ್ರೆ ಕೆಳಗೆ ಕತ್ತಲಾಗಿ ಮೇಲೆ ಇನ್ನೂ ಬಿಸಿಲಿರುವಾಗ ಸೋಡಿಯಂ ಹೊಗೆ ಬಿಟ್ರೆ ಅದು ಬೆಳಗಿ ಕಾಣ್ತದೆ, ಅದು ಹೇಗೆ ಚದುರ್ತದೆ ನೋಡಿ ಮೇಲಿನ ಗಾಳಿಯ ಲೆಕ್ಕ ಹಾಕ್ಬಹುದು. ಏನೂ ಗೊತ್ತಿಲ್ಲದ ಊರವರಿಗೆ ಆಕಾಶದಲ್ಲಿ ಕಿತ್ತಳೆ ಬಣ್ಣದ ಹೊಗೆ ಕಂಡ್ರೆ ಎಂತ ಅನ್ನಿಸಿರ್ಬಹುದು, ಯೋಚನೆ ಮಾಡಿ. 1967ರಲ್ಲಿ ನಮ್ಮದೇ ರೋಹಿಣಿ, ಆರ್‌ಎಚ್-75 ಹಾರಿತು. 75 ಅಂದ್ರೆ ಅಡ್ಡಳತೆ 75 ಮಿಲಿಮೀಟರ್, ಬರೀ ಪೈಪಿನ ದಪ್ಪ. 1968ರ ಫೆಬ್ರವರಿ 2ಕ್ಕೆ ಇಂದಿರಾ ಗಾಂಧಿ ಬಂದು ಈ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದ್ರು, ಹಾಗಾಗಿ ಅಮೆರಿಕ, ರಷ್ಯಾ ಎರಡೂ ಕಡೆಯ ರಾಕೆಟ್ ಇಲ್ಲಿಂದ ಹಾರಿದ್ದು, ಆ ಜಗಳದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಸಾರಾಭಾಯ್ 1971ರ ಡಿಸೆಂಬರ್ 30ಕ್ಕೆ ಪಕ್ಕದ ಕೋವಳಂನಲ್ಲೇ ತೀರಿಕೊಂಡ್ರು, ಐವತ್ತೆರಡು ವರ್ಷ ಅಷ್ಟೆ.

ನಮ್ಮ ಕರಾವಳಿ ಮಕ್ಕಳಿಗೆ ಇನ್ನೊಂದು ಹೆಸರು ಹೇಳದೆ ಕರ್ಕೊಂಡು ಹೋಗ್ಬೇಡಿ, ಯು.ಆರ್. ರಾವ್. ಉಡುಪಿ ಹತ್ರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು, ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗ್ಳೂರು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿದವರು, 1975ರ ಏಪ್ರಿಲ್ 19ಕ್ಕೆ ಅದು ರಷ್ಯಾದ ರಾಕೆಟಲ್ಲಿ ಹೋಯ್ತು, 1984ರಿಂದ ಹತ್ತು ವರ್ಷ ಇಸ್ರೋ ಅಧ್ಯಕ್ಷರು. ಮ್ಯೂಸಿಯಮ್ಮಲ್ಲಿ ಹಳೇ ಫೋಟೋಗಳ ಹತ್ರ ಬಂದಾಗ "ಇವರು ನಮ್ಮ ಉಡುಪಿಯವರು" ಅಂದ್ರೆ ಸಾಕು, ಮಕ್ಕಳು ಕುತ್ತಿಗೆ ಉದ್ದ ಮಾಡ್ತಾರೆ.

ಒಳಗೆ

ಟಿಕೆಟ್ ದುಡ್ಡು ನಾವು ಕೊಡ್ಲಿಲ್ಲ. ಬ್ಯಾಗು ಚೆಕ್ ಮಾಡ್ತಾರೆ, ಹಾಗಾಗಿ ದೊಡ್ಡ ಲಗೇಜು ಸ್ಟೇಷನ್ ಕ್ಲೋಕ್ ರೂಮಲ್ಲೇ ಇಟ್ಟು ಬನ್ನಿ. ಕ್ಯಾಮರಾ ಮೊಬೈಲ್ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ, ಗೇಟು, ಕಾಂಪೌಂಡು, ಗಾರ್ಡು ಇದರ ಫೋಟೋ ತೆಗೆದು ಸ್ಟೇಟಸ್ ಹಾಕುವ ಬುದ್ಧಿವಂತಿಕೆ ಬೇಡ. ಆಚೀಚೆ ಕಾಣುವ ಬೇರೆ ಕಟ್ಟಡಗಳಿಗೆ ಹೋಗ್ಲಿಕ್ಕೆ ಬಿಡೋದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ರೆ "ಅಲ್ಲಿ ಎಂತ ಉಂಟು, ಅಲ್ಲಿ ಎಂತ ಉಂಟು" ಅಂತ ತಲೆ ತಿಂತಾರೆ.

ಬಾಗಿಲ ಹತ್ರ ನಮ್ಮ ದೊಡ್ಡಮ್ಮ ಚಪ್ಪಲಿ ಬಿಚ್ಚಿದ್ರು. ಯಾರೂ ಬಿಚ್ಚಿ ಅಂತ ಹೇಳಿರ್ಲಿಲ್ಲ, ಎಲ್ಲರೂ ಚಪ್ಪಲಿ ಹಾಕ್ಕೊಂಡೇ ಹೋಗ್ತಿದ್ರು. ನಾನು "ದೊಡ್ಡಮ್ಮಾ, ಇದು ಈಗ ಮ್ಯೂಸಿಯಂ, ಬಿಚ್ಚೋದು ಬೇಡ" ಅಂದೆ. "ಇರ್ಲಿ ಮಗಾ, ಮೊದಲು ದೇವರು ಇದ್ದ ಜಾಗ ಅಂತ ನೀನೇ ಹೇಳಿದ್ದಲ್ವಾ" ಅಂತ ಬರಿಗಾಲಲ್ಲೇ ಒಳಗೆ ಬಂದ್ರು. ಎಪ್ಪತ್ತಾರು ವರ್ಷ, ರಾಕೆಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳ್ಲಿಲ್ಲ, ಆದ್ರೆ ಎತ್ತರದ ಮಾಡು, ಕಮಾನು, ಗೋಡೆಯ ದಪ್ಪ ಎಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದ್ರು. ಆಮೇಲೆ ಒಂದೇ ಮಾತು ಕೇಳಿದ್ದು, "ಮೂರ್ತಿಯನ್ನು ಆ ಹೊಸ ಪಳ್ಳಿಗೆ ಹೊತ್ಕೊಂಡು ಹೋದ್ರಾ?" ಅಂತ. ಮಕ್ಕಳಿಗೆ ಉತ್ತರ ಹುಡುಕುವ ಕೆಲಸ ಅಲ್ಲಿಂದ ಶುರು.

ಒಳಗೆ ಗೋಡೆ ಉದ್ದಕ್ಕೂ ಹಳೇ ಫೋಟೋ, ಸೌಂಡಿಂಗ್ ರಾಕೆಟ್‌ಗಳು, ದೊಡ್ಡ ರಾಕೆಟ್‌ಗಳ ಸಣ್ಣ ಮಾಡೆಲ್‌ಗಳು, ಉಪಗ್ರಹ ಮಾಡೆಲ್‌ಗಳು. ಎಲ್ಲವನ್ನೂ ಓದ್ಲಿಕ್ಕೆ ಹೋದ್ರೆ ಸುಸ್ತು, ಓದದೆ ಹೋದ್ರೆ ವ್ಯರ್ಥ, ಹಾಗಾಗಿ ಒಬ್ಬೊಬ್ಬ ಮಗುವಿಗೆ ಒಂದೊಂದು ಹುಡುಕುವ ಕೆಲಸ ಕೊಡಿ. ಸೈಕಲ್ ಫೋಟೋ ಹುಡುಕು ಅನ್ನಿ, ರಾಕೆಟ್ಟಿನ ಮೂತಿಯನ್ನು ಸೈಕಲ್ ಕ್ಯಾರಿಯರಿಗೆ ಇಟ್ಟು ಇಬ್ಬರು ತಳ್ಕೊಂಡು ಹೋಗುವ ಚಿತ್ರ, ಅದು ಇದೇ ತುಂಬಾದ್ದು. ಎತ್ತಿನಗಾಡಿ ಮೇಲೆ ಉಪಗ್ರಹ ಇರೋದು ಬೇರೆ, ಅದು 1981ರ ಆ್ಯಪಲ್ ಉಪಗ್ರಹ, ಬೆಂಗ್ಳೂರಿನ ಕಥೆ. ವಾಟ್ಸಾಪಲ್ಲಿ ಎರಡನ್ನೂ ಸೇರಿಸಿ "ನೋಡಿ ಅಂದು ಲಾರಿಗೂ ದುಡ್ಡಿಲ್ಲದ ಭಾರತ" ಅಂತ ಬರ್ತದಲ್ಲ, ಅದು ಸುಳ್ಳು. ಗಾಡಿ ತಂದದ್ದು ಬಡತನಕ್ಕಲ್ಲ, ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ರೆ ಸಿಗ್ನಲ್ ಹಾಳಾಗ್ತದೆ, ಲಾರಿ ಪೂರ್ತಿ ಕಬ್ಬಿಣ, ಗಾಡಿ ಮರದ್ದು. ಇದನ್ನು ಹೇಳಿದಾಗ ನಮ್ಮ ಭಾವ, ಅಂದ್ರೆ ಆ ಫಾರ್ವರ್ಡ್ ಮಾಡಿದವರೇ, ಮೆಲ್ಲಗೆ ಮುಂದಿನ ಕೋಣೆಗೆ ಹೋದ್ರು.

ಇನ್ನೊಂದು ಕೆಲಸ, ಅಳೆಯೋದು. ಮುಟ್ಟಬಾರದು ಅಂತ ಬರೆದಿದ್ರೆ ಮುಟ್ಟಬೇಡಿ, ಕಣ್ಣಲ್ಲೇ ಅಳೀಲಿ. ರೋಹಿಣಿ-200, ಎಲ್ಲರೂ ಹೇಳೋದು ಆರ್‌ಎಚ್-200, ಅಡ್ಡಳತೆ 200 ಮಿಲಿಮೀಟರ್, ಉದ್ದ ಮೂರೂವರೆ ಮೀಟರ್ ಆಸುಪಾಸು, ತೂಕ ನೂರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ನನ್ನ ಅಳಿಯ ಕಾಂಪಾಸ್ ಬಾಕ್ಸಿನ ಸ್ಕೇಲು ಹಿಡಿದು ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿ, "ಇಷ್ಟೇನಾ ಮಾವಾ? ನಮ್ಮ ತೋಟದ ಅಡಿಕೆ ಮರಕ್ಕಿಂತ ಒಂಚೂರು ದಪ್ಪ, ಉದ್ದ ಮರದ ಕಾಲು ಭಾಗವೂ ಇಲ್ಲ" ಅಂದ. ಸರಿಯಾದ ಅಳತೆ. ಆ ಅಡಿಕೆ ಮರದ ತುಂಡು ಎಪ್ಪತ್ತು ಕಿಲೋಮೀಟರಿಗೂ ಮೇಲೆ ಹೋಗ್ತದೆ ಅಂದೆ. ಅಂದ್ರೆ ಎಷ್ಟು? ಕಾಸ್ರೋಡಿಂದ ಮಂಗ್ಳೂರು ಐವತ್ತು, ಆ ರಸ್ತೆಯನ್ನು ನೆಟ್ಟಗೆ ನಿಲ್ಲಿಸಿದ್ರೆ ಅದಕ್ಕಿಂತಲೂ ಮೇಲೆ. ಅಲ್ಲಿ ಹೋಗಿ ಕೂದಲಿನ ಹಾಗಿನ ತಾಮ್ರದ ಎಳೆಗಳನ್ನು ಚೆಲ್ತದೆ, ಅವು ಗಾಳಿಯಲ್ಲಿ ತೇಲುವ ದಾರಿಯನ್ನು ಕೆಳಗಿಂದ ರೇಡಾರಲ್ಲಿ ಹಿಂಬಾಲಿಸಿ ಅಲ್ಲಿ ಗಾಳಿ ಯಾವ ಕಡೆ, ಎಷ್ಟು ಜೋರು ಅಂತ ತಿಳ್ಕೊಳ್ತಾರೆ. 2022ರ ನವೆಂಬರಲ್ಲಿ ಈ ರಾಕೆಟ್ ಸತತ ಇನ್ನೂರನೇ ಸಲ ಸರಿಯಾಗಿ ಹಾರಿತು, ಒಂದೂ ತಪ್ಪದೆ. ಚಂದ್ರಯಾನಕ್ಕೆ ಚಪ್ಪಾಳೆ ಹೊಡೆದ ನಾವು ಇದಕ್ಕೆ ಹೊಡೀಲಿಲ್ಲ.

ರಾಕೆಟ್ ಹಾರುವ ದಿನ ಸಿಕ್ಕಿದ್ರೆ

ನಮಗೆ ಎರಡನೇ ಸಲ ಸಿಕ್ಕಿತು. ದೊಡ್ಡದಾಗಿ ಕಲ್ಪನೆ ಮಾಡ್ಕೊಂಡು ಹೋಗ್ಬೇಡಿ, ಟಿವಿಯಲ್ಲಿ ಕಂಡ ಹಾಗೆ ನಿಧಾನಕ್ಕೆ ಏಳುವ, ಬೆಂಕಿಯ ಗೋಪುರದ ಹಾಗಿನ ರಾಕೆಟ್ ಅಲ್ಲ ಇದು. ಒಂದು ಕಂಬಿಯ ಮೇಲೆ ಸಮುದ್ರದ ಕಡೆ ಓರೆಯಾಗಿ ಇಟ್ಟಿರ್ತಾರೆ, ಸುಮಾರು ಹೊತ್ತು ಬಿಸಿಲಲ್ಲಿ ಕಾಯ್ಬೇಕು, ಮೈಕಲ್ಲಿ ಎಣಿಕೆ ಕೇಳ್ತದೆ, ಸೊನ್ನೆ ಅಂದದ್ದೇ ತಡ ಒಂದು ಬಿಳಿ ಗೀಟು. ಅಷ್ಟೆ. ಕಣ್ಣು ಮಿಟುಕಿಸಿದವರಿಗೆ ಹೊಗೆ ಮಾತ್ರ. ನನ್ನ ಅಕ್ಕ ಪೂರ್ತಿ ಹೊತ್ತು ಸೊಸೆಯ ಜಡೆ ಸರಿ ಮಾಡ್ತಾ ಇದ್ದು, ತಲೆ ಎತ್ತಿ "ಯಾವಾಗ ಬಿಡ್ತಾರೆ" ಅಂದಾಗ ಅದು ಆಗಲೇ ಮೋಡದ ಆಚೆ.

ಬೆಳಕು ಮೊದಲು, ಶಬ್ದ ಆಮೇಲೆ. ಇದನ್ನು ಮಕ್ಕಳಿಗೆ ಹೊಸದಾಗಿ ಕಲಿಸ್ಬೇಕಾಗಿಲ್ಲ, ಕುಂಬ್ಳೆ ಬೆಡಿ (ಸುಡುಮದ್ದು) ನೋಡಿದ ಮಕ್ಕಳಿಗೆಲ್ಲ ಗೊತ್ತು, ಗದ್ದೆ ಆಚೆ ನಿಂತು ನೋಡಿದ್ರೆ ಗರ್ನಾಲ್ ಬೆಂಕಿ ಕಂಡು ಸ್ವಲ್ಪ ತಡೆದು ಎದೆಗೆ ಗುದ್ದಿದ ಹಾಗೆ ಶಬ್ದ ಬರ್ತದಲ್ಲ. ಬೆಂಕಿ ಕಂಡ ಕೂಡ್ಲೇ ಒಂದು, ಎರಡು ಅಂತ ಸೆಕೆಂಡ್ ಎಣಿಸ್ಲಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ನಮ್ಮ ಮಕ್ಕಳು ಎಣಿಸಿದ್ದು ನಾಲ್ಕೂ ಜನರದ್ದು ನಾಲ್ಕು ಉತ್ತರ, ಆ ಜಗಳ ರೈಲು ಶೊರ್ನೂರು ದಾಟುವವರೆಗೂ ಇತ್ತು. ವಿಡಿಯೋ ಮಾಡುವ ಆಸೆ ಬಿಡಿ, ಅವರು ಮಾಡ್ಲಿಕ್ಕೆ ಬಿಟ್ರೂ ಆಗೋದಿಲ್ಲ, ಸ್ಕ್ರೀನಲ್ಲಿ ಹುಡುಕುವಷ್ಟರಲ್ಲಿ ಮುಗಿದಿರ್ತದೆ. ಟೊಪ್ಪಿ, ನೀರು, ತಂಪು ಕನ್ನಡಕ ಇಟ್ಕೊಳ್ಳಿ.

ಅಲ್ಲಿ ನಿಂತಾಗ ಯಾರಾದ್ರೂ ಮಗು ಕೇಳ್ತದೆ, "ಹಾಗಾದ್ರೆ ದೊಡ್ಡ ರಾಕೆಟ್ ಕೂಡ ಇಲ್ಲಿಂದಲೇ ಬಿಡ್ಬಹುದಿತ್ತಲ್ಲ?" ಒಳ್ಳೇ ಪ್ರಶ್ನೆ. ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ಸೂರ್ಯ ಯಾವ ಕಡೆ ಮುಳುಗ್ತಾನೆ ಕೇಳಿ. ಇದು ಪಡುವಣ ಕರಾವಳಿ, ಸಮುದ್ರ ಇರೋದು ಪಶ್ಚಿಮಕ್ಕೆ. ಭೂಮಿ ತಿರುಗೋದು ಮೂಡು ದಿಕ್ಕಿಗೆ, ಹಾಗಾಗಿ ಉಪಗ್ರಹ ಹೊತ್ತ ದೊಡ್ಡ ರಾಕೆಟನ್ನು ಮೂಡಕ್ಕೆ ಬಿಟ್ರೆ ಸೆಕೆಂಡಿಗೆ ನಾನೂರೈವತ್ತು ಮೀಟರ್‌ನಷ್ಟು ವೇಗ ಪುಕ್ಕಟೆ ಸಿಗ್ತದೆ, ಓಡುವ ಬಸ್ಸಿಂದ ಮುಂದಕ್ಕೆ ಕಲ್ಲು ಬಿಸಾಡಿದ ಹಾಗೆ. ತುಂಬಾದಿಂದ ಮೂಡಕ್ಕೆ ಬಿಟ್ರೆ ಕೆಳಗೆ ಪೂರಾ ಜನ, ಬಿಡಿಭಾಗ ಬಿದ್ರೆ ತಲೆ ಮೇಲೆ. ಅದಕ್ಕೇ ಬಂಗಾಳ ಕೊಲ್ಲಿ ಬದಿಯ ಶ್ರೀಹರಿಕೋಟ. ಅಲ್ಲಿಂದ ಮೊದಲ ಸಣ್ಣ ರಾಕೆಟ್ 1971ರಲ್ಲಿ ಹಾರಿತು, ಉಪಗ್ರಹ ಹೊರುವ ನಮ್ಮ ಮೊದಲ ರಾಕೆಟ್ ಎಸ್‌ಎಲ್‌ವಿ-3 1979ರಲ್ಲಿ ಸಮುದ್ರಕ್ಕೆ ಬಿತ್ತು, 1980ರ ಜುಲೈ 18ಕ್ಕೆ ಗೆದ್ದಿತು. ಆ ರಾಕೆಟ್ ರೂಪ ಪಡೆದದ್ದು ಮಾತ್ರ ಈ ತುಂಬಾದ ಮರಳಲ್ಲೇ.

ದೊಡ್ಡದನ್ನೇ ನೋಡ್ಬೇಕು ಅನ್ನುವವರಿಗೆ ಎರಡು ಮಾತು. ಶ್ರೀಹರಿಕೋಟದಲ್ಲಿ 2019ರಿಂದ ಲಾಂಚ್ ವ್ಯೂ ಗ್ಯಾಲರಿ ಉಂಟು, ಲಾಂಚಿಗೆ ಕೆಲವು ದಿನ ಮೊದಲು ಆನ್‌ಲೈನ್ ರಿಜಿಸ್ಟ್ರೇಷನ್ ಬಿಡ್ತಾರೆ, ಬಿಟ್ಟ ಸ್ವಲ್ಪ ಹೊತ್ತಲ್ಲೇ ತುಂಬ್ತದೆ. ಕಾಸ್ರೋಡಿಂದ ಚೆನ್ನೈ ಮೇಲ್ ಅಥವಾ ವೆಸ್ಟ್ ಕೋಸ್ಟ್ ರೈಲಲ್ಲಿ ಚೆನ್ನೈಗೆ ಹೋಗಿ, ಅಲ್ಲಿಂದ ಲೋಕಲ್ಲಲ್ಲಿ ಸುಳ್ಳೂರುಪೇಟ. ಮತ್ತೆ ಪುಲಿಕಾಟ್ ಸರೋವರದ ನಡುವಿನ ರಸ್ತೆ, ಚಳಿಗಾಲದಲ್ಲಿ ಆಚೀಚೆ ಫ್ಲೆಮಿಂಗೋ ಹಕ್ಕಿಗಳು. ಆದ್ರೆ ಲಾಂಚ್ ಮುಂದೂಡಿದ್ರೆ ನಿಮ್ಮ ರಿಟರ್ನ್ ಟಿಕೆಟ್ ಮುಂದೂಡೋದಿಲ್ಲ, ಸಣ್ಣ ಮಕ್ಕಳನ್ನು ಕಟ್ಕೊಂಡು ಅದಕ್ಕೆ ಹೋಗ್ಬೇಡಿ ಅಂತ ನಾನು ಹೇಳೋದು. ಅಷ್ಟು ದೂರವೇ ಬೇಡ, ಮಕ್ಕಳಿಗೆ ಆಸಕ್ತಿ ಉಂಟಾ ನೋಡುವ ಅನ್ನುವವರು ಮೊದಲು ಮಂಗ್ಳೂರು ಪಿಲಿಕುಳದ ತಾರಾಲಯಕ್ಕೆ ಒಂದು ಭಾನುವಾರ ಕರ್ಕೊಂಡು ಹೋಗಿ, ಅಲ್ಲಿ ಕನ್ನಡದಲ್ಲೇ ಕೇಳಿಸ್ಕೊಳ್ಬಹುದು.

ಉಳಿದ ಅರ್ಧ ದಿನ

ಮ್ಯೂಸಿಯಮ್ಮಿಗೆ ಎರಡು ಗಂಟೆ ಸಾಕು, ಬೆಳಿಗ್ಗೆ ಹೋದ್ರೆ ಮಧ್ಯಾಹ್ನಕ್ಕೆ ಹೊರಗೆ. ಊಟಕ್ಕೆ ಪೇಟೆಗೆ ಬಂದು ಸದ್ಯ, ಅಂದ್ರೆ ಬಾಳೆಲೆ ಊಟ ಸಿಗುವ ಹೋಟೆಲಲ್ಲಿ ಪಾಯಸದ ಜೊತೆ ಬೋಳಿ ಕೇಳಿ. ಹೆಸರು ಕೇಳಿ ಹೆದರ್ಬೇಡಿ, ನಮ್ಮ ಹೋಳಿಗೆಯೇ, ಹಳದಿ ಬಣ್ಣ, ತೆಳ್ಳಗೆ, ಅದರ ಮೇಲೆ ಪಾಯಸ ಸುರಿದು ಕಲಸಿ ತಿಂತಾರೆ. ದೊಡ್ಡಮ್ಮ ಮೊದಲು ಮುಖ ಸಿಂಡರಿಸಿ ಆಮೇಲೆ ಎರಡನೇ ಸಲ ಹಾಕಿಸ್ಕೊಂಡ್ರು.

ಸಂಜೆಗೆ ವೇಳಿ. ತುಂಬಾದ ಪಕ್ಕವೇ, ಹಿನ್ನೀರು ಸಮುದ್ರ ಸೇರುವ ಜಾಗ, ಬೋಟಿಂಗ್ ಉಂಟು, ಮಕ್ಕಳಿಗೆ ಓಡ್ಲಿಕ್ಕೆ ಹುಲ್ಲು ಉಂಟು. ಅಲ್ಲಿಯ ದೊಡ್ಡ ಶಂಖದ ಶಿಲ್ಪವನ್ನು ನೋಡ್ದೆ ಬರ್ಬೇಡಿ, ಶಂಖುಮುಖಂ ಬೀಚಿನ ಜಲಕನ್ಯೆಯನ್ನೂ ಅಷ್ಟೆ. ಎರಡನ್ನೂ ಮಾಡಿದ್ದು ಕಾನಾಯಿ ಕುಂಞಿರಾಮನ್, ನಮ್ಮ ಚೆರುವತ್ತೂರು ಕಡೆಯವರು. ಆ ತುದಿಯ ಊರಲ್ಲಿ ನಮ್ಮ ಜಿಲ್ಲೆಯವರ ಕೈ ಕೆಲಸ ಕಂಡ್ರೆ ಒಂದು ಖುಷಿ.

ರಾತ್ರಿ ಅದೇ ಮಾವೇಲಿಗೆ ವಾಪಸ್. ಸ್ಟೇಷನ್ನಿಗೆ ಬೇಗ ಬನ್ನಿ, ಚಪಾತಿ ಕಟ್ಟಿಸ್ಕೊಳ್ಳಿ. ನಮ್ಮ ಸೊಸೆ ವೇಳಿಯ ಬೇಲಿ ಬದಿಯಿಂದ ಒಂದು ತುಂಬೆ ಗಿಡ ಬೇರು ಸಮೇತ ಕಿತ್ತು ನೀರಿನ ಬಾಟ್ಲಿಯಲ್ಲಿ ಇಟ್ಕೊಂಡಿದ್ಲು, "ನಮ್ಮ ಮನೆ ಹತ್ರ ಬೇಕಾದಷ್ಟು ಉಂಟಲ್ಲ ಪುಟ್ಟಾ" ಅಂದ್ರೆ "ಅದು ಬೇರೆ, ಇದು ತುಂಬಾದ ತುಂಬೆ" ಅಂತ. ಕಣ್ಣೂರು ಬರುವಾಗ ಅರ್ಧ ಬಾಡಿತ್ತು, ಈಗ ಬಾವಿಕಟ್ಟೆ ಹತ್ರ ನೆಟ್ಟಿದ್ದಾಳೆ, ಪಕ್ಕದಲ್ಲಿ ನಮ್ಮೂರ ತುಂಬೆ ಬೇರೆ ಇರೋದ್ರಿಂದ ಯಾವುದು ಯಾವುದು ಅಂತ ಅವಳಿಗೂ ಈಗ ಗೊತ್ತಾಗೋದಿಲ್ಲ.